ಕತ್ತಲೆಯ ಗಡಿಯಾರ

ಶಿವಾಜಿನಗರದ ಸಂತ ಮೇರಿ ಬೆಸಿಲಿಕದ ಗಂಟೆಯಾಗಲಿ, ಹಲಸೂರು ಸೋಮೇಶ್ವರನ ಗುಡಿಯ ಗಂಟೆಯಾಗಲಿ ಹೊತ್ತನ್ನು ಕಿವಿಗೆ ಹೇಳಬಲ್ಲವು. ಮೈಗೆ ಹೇಳುವುದು ಬೆಳಕು. ಬೆಳಕಿನ ಅರಿವೇ ಇಲ್ಲದ ಎಷ್ಟೋ ಕುರುಡು ಮಕ್ಕಳ ಒಳಗಡಿಯಾರ ದಿನದಿನವೂ ಹಿಂದೆ ಬೀಳುತ್ತದೆ. ಅರ್ಧ ಗಂಟೆಯ ಲೆಕ್ಕ ಹಿಡಿದರೂ 24 ದಿನಗಳಲ್ಲಿ ಹಗಲೇ ಇರುಳಾಯಿತು! ಪಾಠದಲ್ಲಿ ತೂಕಡಿಸುವ ಅಂಥ ಕೂಸನ್ನು ಸೋಮಾರಿಯೆಂದು ಗದರಿದವರು ನಾವೇ.

1958ರಲ್ಲಿ ಅಮೆರಿಕದ ಆರನ್ ಲರ್ನರ್ ದನದ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಬೇರ್ಪಡಿಸಿದರು. ಅವರು ಅರಸಿದ್ದು ನಿದ್ರೆಯನ್ನಲ್ಲ, ಚರ್ಮದ ಬಣ್ಣದ ಗುಟ್ಟನ್ನು. ಇರುಳಿನಲ್ಲಿ ಮೈಯೇ ಸ್ರವಿಸುವ ಈ ವಸ್ತುವನ್ನು ಸಂಜೆ ಕೊಟ್ಟು, ಅಂಧ ಬಾಲಕನೊಬ್ಬನ ನಿದ್ರೆಯನ್ನು ಹದಕ್ಕೆ ತಂದುದನ್ನು ಸ್ವೀಡನ್ನಿನ ವೈದ್ಯರು 1991ರಲ್ಲಿ ವರದಿ ಮಾಡಿದರು. 2000ದಲ್ಲಿ ಅಮೆರಿಕದಲ್ಲಿ ಏಳು ಅಂಧರ ಪೈಕಿ ಆರು ಮಂದಿಗೆ ಫಲ ಸಿಕ್ಕಿತು. ಆದರೆ ಔಷಧದಂಗಡಿಗೆ ಓಡದೆ ವೈದ್ಯರನ್ನೇ ಕೇಳಬೇಕು. ಬೆಳಗ್ಗೆ ಕೊಟ್ಟರೆ ಗಡಿಯಾರ ಇನ್ನೂ ಹಿಂದೆ ಸರಿಯುವುದುಂಟು.