ಮನೆ ಖಾಲಿ ಇದೆ, ನೀವು ಯಾವ ಜನ?

ಹಳ್ಳಿಯಲ್ಲಿ ಓದಿ, ಬೆಂಗಳೂರಲ್ಲಿ ನೌಕರಿ ಹಿಡಿದ ನಮ್ಮ ಹುಡುಗ ಹುಡುಗಿಯರಿಗೆ ಆಫೀಸಿನವರು ಸಲಹೆ ಕೊಡುತ್ತಾರೆ: ಮರ ನೆರಳು ಬೇಕಂದ್ರೆ ಬಸವನಗುಡಿ ನೋಡಿ, ಸಂತೆ ಸಡಗರ ಬೇಕಂದ್ರೆ ಮಲ್ಲೇಶ್ವರ ನೋಡಿ, ಸಿಟಿ ಮಾರ್ಕೆಟ್ಟು ಹತ್ತಿರ ಇರಲಿ ಅಂದ್ರೆ ಚಾಮರಾಜಪೇಟೆ ನೋಡಿ. ಆರಿಸಿಕೊಳ್ಳೋದು ನಮ್ಮ ಕೈಯಲ್ಲೇ ಇದೆಯೇನೋ ಅನ್ನೋ ಹಾಗೆ. ಬಾಡಿಗೆ ಬೋರ್ಡು ನೋಡಿ ಗೇಟು ತೆಗೆದರೆ ಮೊದಲು ಬರುವ ಮಾತು ಬಾಡಿಗೆಯದಲ್ಲ. 'ನೀವು ಯಾವ ಜನ?' ಈಚೆಗೆ ಅದೇ ಪ್ರಶ್ನೆ ಮಡಿಯುಟ್ಟು ಬರುತ್ತದೆ: 'ನೀವು ವೆಜಿಟೇರಿಯನ್ನಾ?'

ಈ ಪ್ರಶ್ನೆಗೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಹಳೇ ಪೇಟೆಯೊಳಗೆ ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ ಎಂದು ಬೀದಿಗೇ ಜಾತಿಯ ಹೆಸರಿತ್ತು. 1892ರಲ್ಲಿ ಚಾಮರಾಜಪೇಟೆ ತಲೆಯೆತ್ತಿತು. 1898ರಲ್ಲಿ ಪ್ಲೇಗು ಬಂದು ಪೇಟೆಯ ಜನ ದಿಕ್ಕೆಟ್ಟು ಹೊರಗೋಡಿದಾಗ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆಯತೊಡಗಿದವು. ಅಗಲವಾದ ರಸ್ತೆ, ಗಾಳಿ ಬೆಳಕು, ಸಾಲುಮರ, ಎಲ್ಲಾ ಹೊಸತು. ಆದರೆ ಆ ಹೊಸ ನಕ್ಷೆಯಲ್ಲೂ ಜಾತಿ ಮತಗಳ ಲೆಕ್ಕದಲ್ಲೇ ಬ್ಲಾಕುಗಳನ್ನು ವಿಂಗಡಿಸಿದರು. ಪ್ಲೇಗಿನ ಇಲಿಗೆ ಹೆದರಿ ಊರು ಬಿಟ್ಟವರು ಜಾತಿಯನ್ನು ಗಂಟು ಕಟ್ಟಿಕೊಂಡೇ ಬಂದರು. ಸರ್ಕಾರ ಆ ಗಂಟಿಗೆ ಸೈಟು ಕೊಟ್ಟಿತು.

ಈ ಬಡಾವಣೆಗಳಿಗೆ ನಮ್ಮವರು ಹೊಸಬರೇನಲ್ಲ. ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಮನೆಗಳ ಹಿಂಬದಿಗೆ ಹೋಗಿ ನೋಡಿ. ಎರಡು ಸಾಲು ಮನೆಗಳ ಬೆನ್ನ ನಡುವೆ ಸಣ್ಣದೊಂದು ಓಣಿ. ಅದೇ ಕನ್ಸರ್ವೆನ್ಸಿ ಗಲ್ಲಿ. ಮುಂಬಾಗಿಲಿನವರ ಕಣ್ಣಿಗೆ ಬೀಳದಂತೆ ಕಕ್ಕಸಿನ ಮಲ ಬಳಿದು ಹೊತ್ತೊಯ್ಯಲು ಮಾಡಿದ ದಾರಿ. ಎಂಜಿನಿಯರು ಅಳೆದು, ಗೆರೆ ಎಳೆದು ನಮ್ಮವರಿಗೆಂದು ಇಟ್ಟ ಜಾಗ ಅದು. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ತಲೆ ಮೇಲಿನ ಬುಟ್ಟಿ ಇಳಿಯಿತು. ಮುಂಬಾಗಿಲು ಮಾತ್ರ ತೆರೆಯಲಿಲ್ಲ.

ಓದಿದರೆ ತೆರೆಯುತ್ತದೆ ಅಂತಾರೆ. ಅಂಬೇಡ್ಕರರಿಗಿಂತ ಹೆಚ್ಚು ಓದಬೇಕಾ? 1917ರಲ್ಲಿ ಅಮೆರಿಕ, ಲಂಡನ್ನುಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಸೇರಿದ ಅವರಿಗೆ ಆ ಊರಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿ ಛತ್ರದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು, ಸಂಜೆಯೊಳಗೆ ಖಾಲಿ ಮಾಡು ಅಂತು. ಹಿಂದೂ ಗೆಳೆಯನೊಬ್ಬ, ಕ್ರಿಶ್ಚಿಯನ್ ಗೆಳೆಯನೊಬ್ಬ, ಇಬ್ಬರೂ ನೆಪ ಹೇಳಿದರು. ಬಾಬಾಸಾಹೇಬರು ಪಾರ್ಕಿನಲ್ಲಿ ಕೂತಿದ್ದು ರಾತ್ರಿ ರೈಲಿಗೆ ಮುಂಬಯಿಗೆ ಹೊರಟರು.

ಇಂದಿಗೂ ನಮ್ಮ ಗೆಳೆಯರು ಹಾಗೇ ಹೆಸರು ಮರೆಸಿ ಮನೆ ಹಿಡಿಯುತ್ತಾರೆ. ಗೋಡೆಗೆ ಅಂಬೇಡ್ಕರ್ ಪಟ ತೂಗುಹಾಕಲು ಅಂಜುತ್ತಾರೆ. ಊರಿಂದ ಅವ್ವ ಬಂದರೆ 'ಮೆಲ್ಲಗೆ ಮಾತಾಡವ್ವ' ಅನ್ನುತ್ತಾರೆ. ಬಾಡಿಗೆ ಕೊಟ್ಟೂ ಕಳ್ಳರಂತೆ ಬದುಕುವುದು ಎಂಥ ಬದುಕು?

ಕಾನೂನು ಇಲ್ಲವಾ? ಇದೆ. 1955ರಲ್ಲಿ ಬಂದು, 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಹೆಸರು ಬದಲಾದ ಕಾಯಿದೆಯ ನಾಲ್ಕನೆಯ ಕಲಮನ್ನು ಓದಿ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟದಂತೆ, ಕೊಳ್ಳದಂತೆ, ವಾಸಿಸದಂತೆ ತಡೆದರೆ ಅದು ಅಪರಾಧ. ಆದರೆ ಯಜಮಾನರು ಜಾತಿ ಅಂತ ಬಾಯಿಬಿಡೋದಿಲ್ಲ. 'ಆಗಲೇ ಯಾರೋ ಅಡ್ವಾನ್ಸು ಕೊಟ್ಟಿದಾರೆ ಕಣ್ರೀ' ಅಂತಾರೆ. ವಾರ ಬಿಟ್ಟು ಹೋದರೆ ಬೋರ್ಡು ಅಲ್ಲೇ ನೇತಾಡುತ್ತಿರುತ್ತದೆ. 2005ರಲ್ಲಿ ಸುಪ್ರೀಂ ಕೋರ್ಟೇ ಅಹಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘವೊಂದು ತನ್ನ ಸದಸ್ಯತ್ವವನ್ನು ಪಾರ್ಸಿಗಳಿಗಷ್ಟೇ ಸೀಮಿತಗೊಳಿಸಬಹುದು ಅಂತು. ಹಳೇ ಬ್ಲಾಕಿನ ಗೆರೆ ಅಳಿಸಿಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ಗೆಳೆಯರೇ, ಮನೆ ನೋಡಲು ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಬೀದಿ, ತಾರೀಖು, ಕೇಳಿದ ಪ್ರಶ್ನೆ, ಹೇಳಿದ ನೆಪ ಬರೆದಿಡಿ. ಒಬ್ಬನ ಅವಮಾನ ಒಬ್ಬನ ಎದೆಯಲ್ಲೇ ಉಳಿದರೆ ಅದು ಬರೀ ಸಂಕಟ. ನೂರು ಜನರದ್ದು ಒಂದು ಪುಸ್ತಕದಲ್ಲಿ ಕೂಡಿದರೆ ಅದು ಸಾಕ್ಷಿ. ಮೇಷ್ಟ್ರುಗಳು ಬೆಂಗಳೂರಿನ ಚರಿತ್ರೆ ಹೇಳುವಾಗ ಕೆಂಪೇಗೌಡರ ಗೋಪುರಗಳ ಜೊತೆ ಈ ಹಿಂದಿನ ಗಲ್ಲಿಯನ್ನೂ ಮಕ್ಕಳಿಗೆ ಹೇಳಲಿ. ಆ ಗಲ್ಲಿಯಲ್ಲಿ ನಡೆದವರ ಮೊಮ್ಮಕ್ಕಳು ನಾವು. ಮುಂದಿನ ರಸ್ತೆಯಿಂದ ಬಂದು, ನಮ್ಮ ಹೆಸರನ್ನೇ ಹೇಳಿ, ಬಾಗಿಲು ತಟ್ಟುತ್ತೇವೆ.