ನಮ್ಮ ಸಂಘದ ಎರಡು ಮೈಕಿನ ಹಾರ್ನುಗಳು

ಬೆಳ್ಳಿಹಬ್ಬದ ಸಂಚಿಕೆಗೆ ನಾಲ್ಕು ಮಾತು ಬರೆಯಿರಿ ಎಂದು ಅಧ್ಯಕ್ಷರು ಹೇಳಿದರು. ಸಾಲ, ಠೇವಣಿ, ಗೊಬ್ಬರದ ಲೆಕ್ಕವನ್ನು ಕಾರ್ಯದರ್ಶಿಗಳು ಬರೆಯುತ್ತಾರೆ. ನಾನು ಗೋದಾಮಿನ ಅಟ್ಟದ ಮೇಲಿದ್ದ ಎರಡು ಹಾರ್ನುಗಳ ಬಗ್ಗೆ ಬರೆಯುತ್ತೇನೆ.

ಹೋದ ವರ್ಷ ಗುಜರಿಯವನು ಇವನ್ನು ತೂಕಕ್ಕೆ ಕೇಳಿದ. ಮಂಡಳಿಯಲ್ಲಿ "ಕೊಟ್ಟುಬಿಡ್ರಿ, ಜಾಗ ಖಾಲಿ ಆಗ್ಲಿ" ಅಂದವರೇ ಹೆಚ್ಚು. ನಾನು ಒಂದು ತಿಂಗಳು ವಾಯಿದೆ ಕೇಳಿ ಮನೆಗೆ ಹೊತ್ತುಕೊಂಡು ಬಂದೆ. ಯಾಕೆಂದರೆ ನಮ್ಮ ಮೊದಲ ಕಾರ್ಯದರ್ಶಿಗಳು ಇವನ್ನೇ ಜೀಪಿಗೆ ಕಟ್ಟಿಕೊಂಡು ಓಣಿ ಓಣಿ ತಿರುಗಿ ಷೇರು ಕೂಡಿಸಿದ್ದರು. ಈಗ ಅವರಿಲ್ಲ. ಹಾರ್ನುಗಳ ಮೇಲೆ ಸಂಘದ ಹೆಸರನ್ನು ಕುಂಚ ಹಿಡಿದು ಬರೆದವರೂ ಅವರೇ.

ಮೈಕು ಬರುವ ಮೊದಲು ನಮ್ಮ ಸೀಮೆಯಲ್ಲಿ ಗಂಟಲೇ ಎಲ್ಲ. ಬಯಲಾಟದವರು ಬೆಳತನಕ ಏರುದನಿಯಲ್ಲೇ ಹಾಡಬೇಕಿತ್ತು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಅಂದರೆ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿಯುತ್ತಾರೆ. ಜನ ಸುಮ್ಮನಾದರೆ ಮಾತ್ರ ಕಾರ್ಣಿಕ ಕೇಳುವುದು.

ಅಮೆರಿಕದಲ್ಲಿ ಜೆನ್ಸನ್ ಮತ್ತು ಪ್ರಿಡ್‌ಹ್ಯಾಮ್ ಎಂಬಿಬ್ಬರು 1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಜನರಿಗೆ ತಮ್ಮ ಧ್ವನಿವರ್ಧಕ ಕೇಳಿಸಿದರು. ನಮ್ಮ ದೇಶದಲ್ಲಿ ಗಾಂಧೀಜಿಯವರ ಸಣ್ಣ ದನಿ ಸಭೆಯ ಕೊನೆಯವರಿಗೆ ಮುಟ್ಟುವುದಿಲ್ಲವೆಂದು ನಾನಿಕ್ ಮೋಟ್ವಾನಿ ಅವರು ಲೌಡ್‌ಸ್ಪೀಕರಿಗೆ ಕೈ ಹಾಕಿದರು. 1931ರ ಕರಾಚಿ ಕಾಂಗ್ರೆಸ್ಸಿನಲ್ಲಿ ಅವರ 'ಚಿಕಾಗೋ ರೇಡಿಯೊ' ಕೂಗಿತು. ಹೆಸರು ಚಿಕಾಗೋ, ಕಂಪನಿ ನಮ್ಮದೇ! ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕದ ಮುಂದೆ ಹೋಗುವಾಗೆಲ್ಲ ನನಗೆ ಇದು ನೆನಪಾಗುತ್ತದೆ. 1940ರಲ್ಲಿ ಅಹುಜಾ ಕಂಪನಿ ಶುರುವಾಯಿತು. ಆಮೇಲೆ ಮದುವೆ, ಜಾತ್ರೆ, ಚುನಾವಣೆ ಎಲ್ಲಕ್ಕೂ ಹಾರ್ನೇ.

ಹಳ್ಳಿಗೆ ಇದು ಒಗ್ಗಿದ್ದಕ್ಕೆ ಕಾರಣವಿದೆ. ಸಾಮಾನ್ಯ ಸ್ಪೀಕರಿಗೆ ಕೊಟ್ಟ ಕರೆಂಟಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಸದ್ದಾಗುತ್ತದೆ. ಹಾರ್ನಿನಲ್ಲಿ ಅದರ ಹತ್ತು ಪಟ್ಟು ಆದೀತು. ಹಿಂದಿನ ಯೂನಿಟ್ಟಿನ ತೆಳು ಪೊರೆ ಅದುರಿದರೆ ಬಾಯಿ ಅಗಲವಾಗುತ್ತಾ ಹೋಗುವ ಕೊಳವೆ ಆ ಅದುರನ್ನು ಹೊರಗಿನ ಗಾಳಿಗೆ ಚೆನ್ನಾಗಿ ದಾಟಿಸುತ್ತದೆ. ಹೀಗಾಗಿ ಕರೆಂಟಿಲ್ಲದ ಊರಲ್ಲೂ 12 ವೋಲ್ಟಿನ ಬ್ಯಾಟರಿ ಸಾಕಾಗುತ್ತಿತ್ತು.

ನಮ್ಮ ಎರಡರಲ್ಲಿ ಒಂದು ಕಹಳೆಯಂಥ ಉದ್ದನೆಯದು. ಇನ್ನೊಂದು ಗಿಡ್ಡ, ಅದರೊಳಗೆ ಸದ್ದು ಮುಂದೆ ಹೋಗಿ ಹಿಂದೆ ತಿರುಗಿ ಮತ್ತೆ ಮುಂದೆ ಬರುತ್ತದೆ. ಎರಡನ್ನೂ ಬೇವಿನ ಮರಕ್ಕೆ ಕಟ್ಟಿ, ಮಗನ ಕೈಲಿ ಗೊಬ್ಬರದ ದರಪಟ್ಟಿ ಓದಿಸಿ, ನಾನು ಹಳ್ಳದ ದಂಡೆಗೆ ನಡೆದೆ. ಉದ್ದನೆಯದರ ದನಿ ತುಂಬಿಕೊಂಡು ಬಂತು. ಗಿಡ್ಡನೆಯದು ಮೂಗು ಕಟ್ಟಿದವರ ಹಾಗೆ ಮಾತಾಡಿತು. ಮೀಟರ್ ಹಚ್ಚಿದರೆ 16 ಓಮ್ಸಿನ ಕಾಯಿಲ್ 12ರ ಮೇಲೆ ತೋರಿಸಿತು, ಅಂದರೆ ಸರಿ ಇದೆ. ಬಿಚ್ಚಿ ನೋಡಿದರೆ ತಿರುವಿನೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು! ಅದನ್ನು ಕೆರೆದು ತೆಗೆದ ಮೇಲೆ ಮಾತು ಬಿಡಿಬಿಡಿಯಾಗಿ, ಉದ್ದನೆಯದಕ್ಕಿಂತಲೂ ಸ್ಪಷ್ಟವಾಗಿ ಕೇಳಿತು.

ಬಣ್ಣದ ಕೆಲಸದಲ್ಲಿ ನಾನು ಕೆಟ್ಟೆ. ಉದ್ದನೆಯ ಹಾರ್ನನ್ನು ವಾಷಿಂಗ್ ಸೋಡಾ ನೀರಿನಲ್ಲಿ ತೊಳೆದೆ. ಸೋಡಾ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ ಎಂದು ಗೊತ್ತಿರಲಿಲ್ಲ, ಕಪ್ಪು ಕಲೆ ಬಿತ್ತು. ಕಲೆ ಹೋಗಲೆಂದು ಒರಟು ಉಪ್ಪುಕಾಗದ ಹಿಡಿದು ತಿಕ್ಕುತ್ತಾ ಹೋದೆ. ಮನೆಯಾಕೆ ಬಂದು "ಅಕ್ಷರ ಎಲ್ಲಿ ಹೋದ್ವು?" ಅಂದಾಗಲೇ ಎಚ್ಚರ. ಕಾರ್ಯದರ್ಶಿಗಳು ಬರೆದದ್ದು ಪುಡಿಯಾಗಿ ನೆಲದ ಮೇಲೆ ಬಿದ್ದಿತ್ತು. ಅದರ ಮೇಲೆ ಕಬ್ಬಿಣಕ್ಕೆ ಬಳಿಯುವ ರೆಡಾಕ್ಸೈಡ್ ಬಳಿದೆ, ಅದೂ ಹೊಪ್ಪಳಿಕೆ ಎದ್ದಿತು. ಕೊನೆಗೆ ಪೇಂಟರ್ ಹೇಳಿದಂತೆ ಅಲ್ಯೂಮಿನಿಯಮ್ಮಿನ ಪ್ರೈಮರ್ ತಂದು ಹಚ್ಚಿ, ಒಣಗಿದ ಮೇಲೆ ಬೂದು ಬಣ್ಣ ಕೊಟ್ಟೆ. ನೋಡಲಿಕ್ಕೆ ಚೆಂದ ಇದೆ. ಅಲ್ಲಿ ಹೊಸದಾಗಿ ಹೆಸರು ಬರೆಯಲು ಮಾತ್ರ ನನಗೆ ಕೈ ಏಳಲಿಲ್ಲ.

ಗಿಡ್ಡನೆಯದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಗೇ ಬಿಟ್ಟಿದ್ದೇನೆ. ಅದರ ಮೇಲೆ ಅವರ ಅಕ್ಷರ ಇನ್ನೂ ಇವೆ, 'ಸಂಘ'ದ ಸೊನ್ನೆ ಸ್ವಲ್ಪ ಅಳಿಸಿದೆ. ಮಂಡಳಿ ಸಭೆಯ ಮೇಜಿನ ಮೇಲೆ ಅದನ್ನಿಟ್ಟಾಗ ಯಾರೂ ಗುಜರಿಯ ಮಾತೆತ್ತಲಿಲ್ಲ.

ಬೆಳ್ಳಿಹಬ್ಬಕ್ಕೆ ಎರಡನ್ನೂ ಕಟ್ಟುತ್ತೇವೆ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ಕ್ಕೆ ಬಂದ್. ಹುಡುಗರಲ್ಲಿ ಒಂದು ವಿನಂತಿ: ಡಿಜೆಯ ವೈರು ಇವಕ್ಕೆ ಸಿಕ್ಕಿಸಬೇಡ್ರಪ್ಪಾ, ಆ ದಪ್ಪ ಸದ್ದಿಗೆ ಪೊರೆ ಹರಿಯುತ್ತದೆ.