ಎಕರೆ: ಒಂದು ಪದದ ಹೊಲ, ಒಂದು ಹೊಲದ ಅಳತೆ

ಒಂದು ಎಕರೆಗೆ ಎಷ್ಟು ಚದರಡಿ? 43,560. ಶಾಲೆಯಲ್ಲಿ ಈ ಸಂಖ್ಯೆಯನ್ನು ಬಾಯಿಪಾಠ ಮಾಡದವರು ವಿರಳ. ಸುಲಭವಾಗಿ ನೆನಪಿಡುವಂತೆ 40,000 ಎಂದೇಕೆ ಇಟ್ಟುಕೊಳ್ಳಲಿಲ್ಲ ಎಂಬ ಪ್ರಶ್ನೆ ಹಲವರ ಮನಸ್ಸಿನಲ್ಲಿ ಸುಳಿದಿರಬಹುದು. ಉತ್ತರ ಗಣಿತದಲ್ಲಿಲ್ಲ, ಎತ್ತಿನ ಹೆಜ್ಜೆಯಲ್ಲಿದೆ.

ಸಾವಿರ ವರ್ಷಗಳ ಹಿಂದಿನ ಪ್ರಾಚೀನ ಇಂಗ್ಲಿಷಿನಲ್ಲಿ 'ಅಕೆರ್' ಎಂಬ ಪದವಿತ್ತು. ಆಗ ಅದು ಅಳತೆಯ ಹೆಸರಲ್ಲ. ಉತ್ತು ಬಿತ್ತುವ ಬಯಲು ಹೊಲ ಎಂದಷ್ಟೇ ಅದರ ಅರ್ಥ. ಜರ್ಮನ್ ಭಾಷೆಯಲ್ಲಿ ಇದರ ಸೋದರ ಪದ 'ಆಕರ್' ಇಂದಿಗೂ ಹೊಲವೆಂಬ ಅರ್ಥದಲ್ಲೇ ಉಳಿದಿದೆ. ಲ್ಯಾಟಿನ್ನಿನ 'ಅಗೆರ್', ಗ್ರೀಕಿನ 'ಅಗ್ರೋಸ್', ವೇದಕಾಲದ ಸಂಸ್ಕೃತದ 'ಅಜ್ರ' ಇವೆಲ್ಲ ಒಂದೇ ಕುಟುಂಬದವು. ಕೃಷಿಗೆ ಇಂಗ್ಲಿಷಿನಲ್ಲಿ ಹೇಳುವ 'ಅಗ್ರಿಕಲ್ಚರ್' ಕೂಡ 'ಅಗೆರ್'ನಿಂದ ಬಂದದ್ದೇ. ಇವುಗಳ ಮೂಲಧಾತುವಿಗೆ 'ಓಡಿಸು', 'ಅಟ್ಟು' ಎಂಬ ಅರ್ಥವಿದೆ ಎಂದು ಭಾಷಾವಿಜ್ಞಾನಿಗಳು ಊಹಿಸುತ್ತಾರೆ. ಅಂದರೆ ದನಗಳನ್ನು ಅಟ್ಟಿಕೊಂಡು ಹೋಗುತ್ತಿದ್ದ ಬಯಲು ಮುಂದೆ ಉಳುಮೆಯ ಹೊಲವಾಯಿತು.

ಹೊಲ ಅಳತೆಯಾದದ್ದು

ಕಾಲಕ್ರಮದಲ್ಲಿ ಈ ಪದದ ಅರ್ಥ ಸಂಕುಚಿತಗೊಂಡಿತು. ಒಂದು ಉಳುಮೆಯ ತಂಡ ಒಂದು ದಿನದಲ್ಲಿ ಉಳಬಲ್ಲಷ್ಟು ಭೂಮಿ ಒಂದು ಎಕರೆ ಎನಿಸಿತು. ಮಧ್ಯಯುಗದ ಇಂಗ್ಲೆಂಡಿನ ಜೇಡಿಮಣ್ಣಿಗೆ ಭಾರವಾದ ನೇಗಿಲು ಬೇಕಾಗುತ್ತಿತ್ತು. ಅದಕ್ಕೆ ಎಂಟು ಎತ್ತುಗಳನ್ನು ಹೂಡುವ ವಾಡಿಕೆಯಿತ್ತು. ಇಷ್ಟು ದೊಡ್ಡ ತಂಡವನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸುವುದು ಕಷ್ಟ. ಆದ್ದರಿಂದ ಹೊಲಗಳು ಚೌಕವಾಗಿರದೆ ಉದ್ದನೆಯ ಪಟ್ಟಿಗಳಾಗಿದ್ದವು. ಎತ್ತುಗಳು ತಿರುಗಲು ಅನುಕೂಲವಾಗುವಂತೆ ಕೆಲವು ಪಟ್ಟಿಗಳು ಬಾಗಿದ ಆಕಾರವನ್ನೂ ಪಡೆದವು.

ಪಟ್ಟಿಯ ಉದ್ದಕ್ಕೆ ಇನ್ನೊಂದು ಹೆಸರು ಬಂತು. 'ಫುರ್ಹ್' ಎಂದರೆ ನೇಗಿಲ ಸಾಲು, 'ಲಾಂಗ್' ಎಂದರೆ ಉದ್ದ. ಇವೆರಡೂ ಸೇರಿ, ನಮ್ಮ ಹಿರಿಯರು ದಾರಿಯ ಅಳತೆಗೆ ಬಳಸುತ್ತಿದ್ದ ಫರ್ಲಾಂಗು ಆಯಿತು!

ಸುಮಾರು 1300ರ ಹೊತ್ತಿಗೆ ಇಂಗ್ಲೆಂಡಿನ ಶಾಸನವೊಂದು ಎಕರೆಯನ್ನು ನಿಖರಗೊಳಿಸಿತು: 40 ಕೋಲು ಉದ್ದ, 4 ಕೋಲು ಅಗಲ. ಒಂದು ಕೋಲಿಗೆ ಐದೂವರೆ ಗಜ, ಎಂದರೆ 16.5 ಅಡಿ. ಈಗ ಗುಣಿಸಿ ನೋಡಿ. ಉದ್ದ 660 ಅಡಿ, ಅಗಲ 66 ಅಡಿ, ಕ್ಷೇತ್ರಫಲ 43,560 ಚದರಡಿ.

ಜಮೀನಿನ ಲೆಕ್ಕ ಮೈಲಿಯನ್ನೂ ಬಿಡಲಿಲ್ಲ. ರೋಮನ್ನರ ಮೈಲಿಗೆ 5,000 ಅಡಿ. ಆದರೆ 1593ರ ಕಾನೂನು ಮೈಲಿಯನ್ನು 8 ಫರ್ಲಾಂಗು, ಎಂದರೆ 5,280 ಅಡಿ ಎಂದು ಗೊತ್ತುಪಡಿಸಿತು. ಫರ್ಲಾಂಗನ್ನು ಕಡಿಮೆ ಮಾಡಿದ್ದರೆ ಎಕರೆಯೂ ಬದಲಾಗಿ, ಭೂಮಿಯ ಪತ್ರಗಳೆಲ್ಲ ಏರುಪೇರಾಗುತ್ತಿದ್ದವು.

ಗಂಟರ್‌ನ ಸರಪಳಿ

ಕೋಲು, ಗಜ, ಅಡಿಗಳ ಈ ಗೋಜಲನ್ನು ಸರಳಗೊಳಿಸಿದವನು ಲಂಡನ್ನಿನ ಗ್ರೆಶಾಮ್ ಕಾಲೇಜಿನ ಖಗೋಳವಿಜ್ಞಾನದ ಪ್ರಾಧ್ಯಾಪಕ ಎಡ್ಮಂಡ್ ಗಂಟರ್ (1581-1626). 1620ರಲ್ಲಿ ಆತ 66 ಅಡಿ ಉದ್ದದ, 100 ಕೊಂಡಿಗಳ ಸರಪಳಿಯನ್ನು ಬಳಕೆಗೆ ತಂದ. 10 ಚದರ ಸರಪಳಿಗೆ ಒಂದು ಎಕರೆ. ಹೊಲದ ಉದ್ದ 10 ಸರಪಳಿ 50 ಕೊಂಡಿ, ಅಗಲ 4 ಸರಪಳಿ ಎಂದಿಟ್ಟುಕೊಳ್ಳೋಣ. 10.50ನ್ನು 4ರಿಂದ ಗುಣಿಸಿದರೆ 42. ಹತ್ತರಿಂದ ಭಾಗಿಸಿದರೆ 4.2 ಎಕರೆ. ಹಳೆಯ ಅಳತೆಯನ್ನು ಕೆಡಿಸದೆ ದಶಮಾಂಶದ ಸೌಲಭ್ಯ ದೊರಕಿಸಿದ್ದು ಗಂಟರ್‌ನ ಜಾಣ್ಮೆ. ಕ್ರಿಕೆಟ್ ಪಿಚ್ಚಿನ 22 ಗಜವೂ ಸರಿಯಾಗಿ ಒಂದು ಸರಪಳಿಯೇ.

ಆದರೂ ಎಕರೆ ಎಲ್ಲೆಡೆ ಒಂದೇ ಆಗಿರಲಿಲ್ಲ. ಇಂಗ್ಲಿಷ್ ಎಕರೆ 4,840 ಚದರ ಗಜವಾದರೆ ಐರಿಷ್ ಎಕರೆ 7,840 ಚದರ ಗಜ. 1824ರ ತೂಕ ಮತ್ತು ಅಳತೆಗಳ ಕಾಯಿದೆ ಬ್ರಿಟನ್ನಿನಲ್ಲಿ ಏಕರೂಪತೆ ತರಲು ಯತ್ನಿಸಿತು.

ಕನ್ನಡ ನಾಡಿನಲ್ಲಿ

ನಮ್ಮಲ್ಲಿಯೂ ಭೂಮಿಯನ್ನು ಬೇಸಾಯದಿಂದಲೇ ಅಳೆಯುತ್ತಿದ್ದರು. ಶಾಸನಗಳಲ್ಲಿ ಮತ್ತರು ಎಂಬ ಅಳತೆ ಬರುತ್ತದೆ. ಬಿತ್ತುವ ಬೀಜದ ಪ್ರಮಾಣದಿಂದ 'ಖಂಡುಗ ಗದ್ದೆ' ಎನ್ನುವ ರೂಢಿಯೂ ಇತ್ತು. ಅಲ್ಲಿ ಎತ್ತಿನ ದಿನಗೆಲಸ, ಇಲ್ಲಿ ಬಿತ್ತನೆಯ ಬೀಜ. ಎರಡೂ ರೈತನ ಕಣ್ಣಿನ ಅಳತೆಗಳೇ.

19ನೆಯ ಶತಮಾನದಲ್ಲಿ ಮುಂಬಯಿ ಪ್ರಾಂತದ ಮೋಜಣಿಯೊಂದಿಗೆ ಎಕರೆ ಇಲ್ಲಿ ಬೇರೂರಿತು. ಗಂಟರ್‌ನ ಸರಪಳಿಯ ಅರ್ಧ, ಎಂದರೆ 33 ಅಡಿಯ ಸರಪಳಿಯನ್ನು ಮೋಜಣಿದಾರರು ಬಳಸಿದರು. ಅದರಲ್ಲಿ 16 ಭಾಗಗಳು. ಒಂದೊಂದು ಭಾಗ ಒಂದು ಆಣೆ. ಈ ಸರಪಳಿಯ ಉದ್ದಗಲದ ಚೌಕವೇ ಗುಂಟೆ: 33 x 33 = 1,089 ಚದರಡಿ. 40 ಗುಂಟೆಗೆ ಒಂದು ಎಕರೆ. ಪರದೇಶದ ಎಕರೆಗೆ ನಮ್ಮ ರೂಪಾಯಿ-ಆಣೆಯ ಲೆಕ್ಕ ಹೀಗೆ ಜೊತೆಯಾಯಿತು.

ಭಾರತ 1956ರಲ್ಲಿ ಮೆಟ್ರಿಕ್ ಅಳತೆಗೆ ಕಾನೂನು ಮಾಡಿತು. ಒಂದು ಎಕರೆ ಸುಮಾರು 4,047 ಚದರ ಮೀಟರ್, ಎಂದರೆ 0.405 ಹೆಕ್ಟೇರ್. ಆದರೂ ಕರ್ನಾಟಕದ ಪಹಣಿಯಲ್ಲಿ ಎಕರೆ-ಗುಂಟೆಗಳು ಉಳಿದಿವೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಪಹಣಿಯಲ್ಲಿ 2.20 ಎಂದಿದ್ದರೆ ಅದು ದಶಮಾಂಶ ಸಂಖ್ಯೆಯಲ್ಲ. 2 ಎಕರೆ 20 ಗುಂಟೆ, ಎಂದರೆ ಎರಡೂವರೆ ಎಕರೆ. ಅದನ್ನು ದಶಮಾಂಶವೆಂದು ಓದಿದರೆ 2 ಎಕರೆ 8 ಗುಂಟೆಯಾಗುತ್ತದೆ. ಒಂದು ಚುಕ್ಕಿಯನ್ನು ತಪ್ಪಾಗಿ ಓದಿದ್ದಕ್ಕೆ 12 ಗುಂಟೆ ನೆಲ ಲೆಕ್ಕದಿಂದ ಮಾಯ! ಸಣ್ಣ ಹಿಡುವಳಿದಾರನಿಗೆ ಇದು ಸಣ್ಣ ನಷ್ಟವಲ್ಲ.

ಅಳತೆಯ ಮಾನಗಳು ಆಕಾಶದಿಂದ ಇಳಿದವಲ್ಲ; ದುಡಿಮೆಯಿಂದ ಹುಟ್ಟಿದವು. ಅವುಗಳ ಹುಟ್ಟನ್ನು ಅರಿತವರು ಲೆಕ್ಕದಲ್ಲಿ ಮೋಸಹೋಗುವುದು ಕಡಿಮೆ.